ಕೇಳಿದ ಮೇಲೆ ಮಾತು: ಹವ್ಯಾಸಿ ರೇಡಿಯೋ ಸಂಘದ ನಡೆ ಮತ್ತು ನಿಯಮ

ಹಣದ ಲಾಭವನ್ನು ಬಯಸದೆ, ಸ್ವಂತ ಕಲಿಕೆ, ತಾಂತ್ರಿಕ ಶೋಧನೆ ಮತ್ತು ಪರಸ್ಪರ ಸಂಪರ್ಕಗಳಿಗಾಗಿ ಪರವಾನಗಿ ಪಡೆದವರು ನಡೆಸುವ ನಿಸ್ತಂತು ಸೇವೆಯನ್ನು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ನಿಯಮಾವಳಿಯು ಹವ್ಯಾಸಿ ಸೇವೆ ಎಂದು ಗುರುತಿಸುತ್ತದೆ. ಜನರ ಬಾಯಲ್ಲಿ ಅದು ಹ್ಯಾಮ್ ರೇಡಿಯೋ. ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿ ಆರಂಭಿಸಿದ ಬಾನುಲಿ ಕೇಂದ್ರವೂ ಒಬ್ಬ ವ್ಯಕ್ತಿಯ ಆಸಕ್ತಿಯಿಂದಲೇ ಹುಟ್ಟಿತಾದರೂ ಅದು ಪ್ರಸಾರ ಕೇಂದ್ರವಾಗಿತ್ತು. ಒಂದೆಡೆಯಿಂದ ಹೊರಟ ದನಿಯನ್ನು ಊರೆಲ್ಲ ಕೇಳುವುದು ಪ್ರಸಾರದ ರೀತಿ. ಹ್ಯಾಮ್ ಕೇಂದ್ರದಲ್ಲಾದರೋ ಕೇಳುವವರೇ ಮಾತನಾಡುವವರೂ ಆಗಿರುವುದರಿಂದ, ಯಾರು ಯಾವಾಗ ಮಾತನಾಡಬೇಕು ಎಂಬ ಕಟ್ಟುಪಾಡೇ ಇಡೀ ಹವ್ಯಾಸದ ತಳಹದಿಯಾಗಿದೆ. ಆ ಕಟ್ಟುಪಾಡನ್ನು ಪುಸ್ತಕಕ್ಕಿಂತ ಚೆನ್ನಾಗಿ ಕಲಿಸುವುದು ಸ್ಥಳೀಯ ಸಂಘ. 1959ರಲ್ಲಿ ಸ್ಥಾಪನೆಯಾದ ಬೆಂಗಳೂರು ಹವ್ಯಾಸಿ ರೇಡಿಯೋ ಸಂಘವು ಕರ್ನಾಟಕದಲ್ಲಿ ಇಂಥ ಕೆಲಸಕ್ಕೆ ದೀರ್ಘ ಪರಂಪರೆಯಿದೆ ಎಂಬುದಕ್ಕೆ ಸಾಕ್ಷಿ.

ಭಾರತದಲ್ಲಿ ಈ ಹವ್ಯಾಸದ ಸ್ವರೂಪವನ್ನು ರೂಪಿಸಿದ್ದು 1978ರ ಭಾರತೀಯ ನಿಸ್ತಂತು ತಂತಿ (ಹವ್ಯಾಸಿ ಸೇವೆ) ನಿಯಮಗಳು ಮತ್ತು ಅವುಗಳಿಗೆ ಮುಂದೆ ಬಂದ ತಿದ್ದುಪಡಿಗಳು. ಹನ್ನೆರಡು ವರ್ಷ ತುಂಬಿದವರು ಕೇಂದ್ರ ದೂರಸಂಪರ್ಕ ಇಲಾಖೆಗೆ ಸೇರಿದ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗದ ಪರೀಕ್ಷೆಗೆ ಕೂರಬಹುದು. ರೇಡಿಯೋ ಸಿದ್ಧಾಂತ ಹಾಗೂ ನಿಯಮಾವಳಿ ಎರಡರಲ್ಲೂ ತೇರ್ಗಡೆಯಾದವರಿಗೆ ನಿರ್ಬಂಧಿತ ದರ್ಜೆಯ ಪ್ರಮಾಣಪತ್ರವೂ, ಇವುಗಳ ಜೊತೆಗೆ ನಿಮಿಷಕ್ಕೆ ಎಂಟು ಪದಗಳ ವೇಗದಲ್ಲಿ ಮೋರ್ಸ್ ಸಂಕೇತವನ್ನು ಕಳಿಸಿ ಗ್ರಹಿಸಬಲ್ಲವರಿಗೆ ಸಾಮಾನ್ಯ ದರ್ಜೆಯ ಪ್ರಮಾಣಪತ್ರವೂ ದೊರೆಯುತ್ತವೆ. ಮೋರ್ಸ್ ಎಂದರೆ ಅಕ್ಷರಗಳನ್ನು ಗಿಡ್ಡ ಮತ್ತು ಉದ್ದ ದನಿಗಳ ಜೋಡಣೆಯಾಗಿ ಕಳಿಸುವ ಪದ್ಧತಿ. ಪರವಾನಗಿಯ ಜೊತೆಗೆ ಪ್ರತಿಯೊಬ್ಬರಿಗೂ ಲೋಕದಲ್ಲಿ ಮತ್ತಾರಿಗೂ ಇಲ್ಲದ ಒಂದು ಕಾಲ್‌ಸೈನ್, ಅಂದರೆ ಕರೆಗುರುತು, ಸಿಗುತ್ತದೆ. ಅದರ ಮೊದಲ ಅಕ್ಷರಗಳಾದ 'ವಿಯು' ದೇಶವನ್ನೂ, ನಂತರದ 2 ಅಥವಾ 3 ಸಾಮಾನ್ಯವಾಗಿ ದರ್ಜೆಯನ್ನೂ ಸೂಚಿಸುತ್ತವೆ. ಶಾಲೆ, ಕಾಲೇಜು ಮತ್ತು ಸಂಘಗಳಿಗೂ ಕೇಂದ್ರದ ಪರವಾನಗಿ ಉಂಟು, ಆದರೆ ಅಲ್ಲಿ ಪ್ರಮಾಣಪತ್ರ ಹೊಂದಿದ ಒಬ್ಬರು ಹೊಣೆ ಹೊತ್ತಿರಲೇಬೇಕು. ಸಂಘದ ಸದಸ್ಯತ್ವ ಶುಲ್ಕ ಕಟ್ಟಿದ ಮಾತ್ರಕ್ಕೆ ಮೈಕು ಹಿಡಿಯುವ ಅಧಿಕಾರ ಯಾರಿಗೂ ಬರುವುದಿಲ್ಲ.

ಈ ನಿಯಮಗಳನ್ನು ಸರ್ಕಾರದ ಕಟ್ಟಳೆಗಳೆಂದಷ್ಟೇ ಓದಿದರೆ ಅವು ಒಣಗಿದಂತೆ ಕಾಣುತ್ತವೆ. ಅಲೆಗಳ ಸ್ವಭಾವದ ಜೊತೆಗಿಟ್ಟು ಓದಿದಾಗ ಒಂದೊಂದರ ಹಿಂದಿನ ಕಾರಣವೂ ತಿಳಿಯುತ್ತದೆ. ಭಾರತದ ಹ್ಯಾಮ್‌ಗಳು ಹೆಚ್ಚಾಗಿ ಸೇರುವ ನಲವತ್ತು ಮೀಟರ್ ಪಟ್ಟಿಯು 7 ಮೆಗಾಹರ್ಟ್ಸ್‌ನಿಂದ 7.2 ಮೆಗಾಹರ್ಟ್ಸ್‌ವರೆಗೆ ಮಾತ್ರ ಹರಡಿದೆ, ಮತ್ತು ಈ ಅಲೆಗಳು ವಾಯುಮಂಡಲದ ಮೇಲ್ಭಾಗದಲ್ಲಿರುವ ವಿದ್ಯುದಾವೇಶದ ಪದರವಾದ ಅಯಾನುಗೋಳದಿಂದ ಬಾಗಿ ನೂರಾರು ಕಿಲೋಮೀಟರ್ ಆಚೆ ನೆಲಕ್ಕೆ ಇಳಿಯುವುದರಿಂದ, ಎರಡು ಮರಗಳ ನಡುವೆ ಸುಮಾರು ಇಪ್ಪತ್ತು ಮೀಟರ್ ತಂತಿ ಕಟ್ಟಿದ ಹಳ್ಳಿಯ ಕೇಂದ್ರವೂ ದೂರದ ರಾಜ್ಯವನ್ನು ಮುಟ್ಟಬಲ್ಲದು. ಆದರೆ ಅದೇ ಕಾರಣಕ್ಕೆ ಅಲ್ಲಿನ ಒಂದು ಅಜಾಗರೂಕ ಕರೆ ಕರೆದವರ ಕಿವಿಗೆ ಬೀಳದ ಎಷ್ಟೋ ಸಂವಾದಗಳನ್ನು ಕೆಡಿಸಲೂಬಲ್ಲದು. ಹೀಗಾಗಿ ಮೊದಲು ಕೇಳುವುದು, ಆವರ್ತನ ಖಾಲಿಯಿದೆಯೇ ಎಂದು ವಿಚಾರಿಸುವುದು, ಉತ್ತರ ಬಾರದಿದ್ದರೆ ಮಾತ್ರ ಕರೆಯುವುದು ಎಂಬ ಕ್ರಮ ಬೆಳೆದುಬಂದಿದೆ. ಒಬ್ಬರ ಮಾತು ಮುಗಿದ ಮೇಲೆ ಕ್ಷಣಕಾಲ ತಡೆದು ಮಾತನಾಡುವ ರೂಢಿಯೂ, ತುರ್ತು ಸಂದೇಶವಿದ್ದವರು ನಡುವೆ ಬರಲು ಎಡೆಯಿರಲಿ ಎಂಬ ಎಚ್ಚರದಿಂದ ಹುಟ್ಟಿದ್ದು.

ಸಂವಾದದ ಆರಂಭದಲ್ಲಿ, ಕೊನೆಯಲ್ಲಿ, ಅದು ದೀರ್ಘವಾದರೆ ನಡುನಡುವೆ ಕರೆಗುರುತನ್ನು ಹೇಳಬೇಕೆಂಬ ನಿಯಮ ಮಾತಿನ ಹೊಣೆಯನ್ನು ಮಾತನಾಡಿದವರ ಮೇಲೆಯೇ ಇರಿಸುತ್ತದೆ. ಗುಪ್ತಭಾಷೆಗೆ ಅವಕಾಶವಿಲ್ಲ, 'ಕ್ಯು' ಅಕ್ಷರದಿಂದ ಆರಂಭವಾಗುವ ಸಂಕ್ಷೇಪಗಳು, ಉದಾಹರಣೆಗೆ ಸ್ಥಳವನ್ನು ಸೂಚಿಸುವ ಕ್ಯುಟಿಎಚ್, ಹೊರಗಿನವರಿಗೆ ಗೂಢವೆನಿಸಿದರೂ ಅವುಗಳ ಅರ್ಥ ಎಲ್ಲ ದೇಶಗಳಿಗೂ ಪ್ರಕಟವಾಗಿರುವುದರಿಂದ ಅವು ಈ ನಿಷೇಧಕ್ಕೆ ಒಳಪಡುವುದಿಲ್ಲ. ಸಂಗೀತ ಪ್ರಸಾರ ಮತ್ತು ವ್ಯಾಪಾರದ ಸಂದೇಶ ಎರಡೂ ನಿಷಿದ್ಧ. ಮೂರನೆಯವರ ಪರವಾಗಿ ಸಂದೇಶ ಸಾಗಿಸುವುದಕ್ಕೂ ಸಾಮಾನ್ಯ ದಿನಗಳಲ್ಲಿ ಬಿಗಿಯಾದ ಮಿತಿಯಿದೆ. ಈ ಕೊನೆಯ ನಿರ್ಬಂಧಗಳ ಬಗ್ಗೆ ಹೊಸಬರು ಬೇಸರಪಡುವುದುಂಟು. ಆದರೆ ಬಹುಬೇಡಿಕೆಯ ಆವರ್ತನಗಳು ಅತಿ ಕಡಿಮೆ ಖರ್ಚಿನಲ್ಲಿ ಸಾಮಾನ್ಯ ನಾಗರಿಕರ ಕೈಯಲ್ಲಿ ಉಳಿದಿರುವುದಕ್ಕೆ, ಅವುಗಳನ್ನು ಯಾರೂ ಗಳಿಕೆಗೆ ಬಳಸುವುದಿಲ್ಲ ಎಂಬ ಈ ವಚನವೇ ಮುಖ್ಯ ಆಧಾರ.

ಸಂಘದ ನಿಜವಾದ ಪಾಠಶಾಲೆಯೆಂದರೆ 'ನೆಟ್', ಅಂದರೆ ಗೊತ್ತಾದ ಹೊತ್ತಿನಲ್ಲಿ ಗೊತ್ತಾದ ಆವರ್ತನದಲ್ಲಿ ಸದಸ್ಯರು ಸೇರುವ ಗಾಳಿಯ ಮೇಲಿನ ಸಭೆ. ನಿಯಂತ್ರಕರೊಬ್ಬರು ಒಂದೊಂದೇ ಕರೆಗುರುತನ್ನು ಬರೆದುಕೊಂಡು ಸರದಿ ಕೊಡುತ್ತಾರೆ, ಕ್ಷೀಣವಾಗಿ ಕೇಳುವ ಕೇಂದ್ರದ ಮಾತನ್ನು ಅದು ಸ್ಪಷ್ಟವಾಗಿ ಕೇಳುವ ಮತ್ತೊಬ್ಬರಿಂದ ಪುನಃ ಹೇಳಿಸುತ್ತಾರೆ, ಹೊಸಬರಿಗೆ ಅವರ ದನಿ ಹೇಗೆ ತಲುಪುತ್ತಿದೆ ಎಂದು ತಿಳಿಸುತ್ತಾರೆ. ವಿಷಯ ಹೆಚ್ಚಾಗಿ ಹವಾಮಾನ, ಆಂಟೆನಾ, ಯೋಗಕ್ಷೇಮ ಇಷ್ಟೇ. ಹೊರಗಿನವರಿಗೆ ನೀರಸವೆನಿಸಬಹುದಾದ ಈ ದಿನಚರಿಯೇ ಸಂಘದ ಅತ್ಯಂತ ಬೆಲೆಬಾಳುವ ಕೆಲಸವೆಂದು ಒತ್ತಿ ಹೇಳಬೇಕು, ಏಕೆಂದರೆ ಸರದಿ ಕಾಯುವ, ಕೇಳಿದ್ದನ್ನು ಕೇಳಿದಂತೆಯೇ ದಾಟಿಸುವ, ದಾಖಲೆ ಪುಸ್ತಕದಲ್ಲಿ ಸಮಯ ಮತ್ತು ಆವರ್ತನವನ್ನು ತಪ್ಪದೆ ಬರೆಯುವ ಅಭ್ಯಾಸಗಳು ಆಪತ್ತಿನ ದಿನ ದಿಢೀರನೆ ಬರುವಂಥವಲ್ಲ.

2004ರ ಡಿಸೆಂಬರ್ 26ರ ಸುನಾಮಿಯ ಸಮಯದಲ್ಲಿ ಇದು ಸ್ಪಷ್ಟವಾಗಿ ಕಂಡಿತು. ಅಂಡಮಾನ್ ದ್ವೀಪಗಳಿಂದ ಹಲವು ವರ್ಷಗಳ ನಂತರ ಹವ್ಯಾಸಿ ಕೇಂದ್ರಗಳನ್ನು ನಡೆಸಲು ಅನುಮತಿ ಪಡೆದು ಭಾರತಿ ಪ್ರಸಾದ್ ಅವರ ತಂಡವು ಆ ತಿಂಗಳು ಪೋರ್ಟ್ ಬ್ಲೇರ್‌ನಲ್ಲಿತ್ತು. ದೂರದ ಕೇಂದ್ರಗಳನ್ನು ಮುಟ್ಟುವ ಸಂತೋಷಕ್ಕಾಗಿ ಹೂಡಿದ ಯಂತ್ರಗಳನ್ನೇ ಅವರು, ಉಳಿದ ಸಂಪರ್ಕಗಳು ಕಡಿದುಹೋದಾಗ, ದ್ವೀಪದ ಜನರ ಕ್ಷೇಮಸಮಾಚಾರವನ್ನು ಮುಖ್ಯಭೂಮಿಗೆ ಮುಟ್ಟಿಸುವ ಕೆಲಸಕ್ಕೆ ಹಚ್ಚಿದರು.

ಹಳೆಯ ಸಂಘದ ಜೊತೆಗೆ ಬೆಂಗಳೂರಿಗೆ ಇನ್ನೊಂದು ಹೆಮ್ಮೆಯೂ ಸಲ್ಲುತ್ತದೆ. ಇಸ್ರೋದ ಯು. ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ 'ಉಪಗ್ರಹ' ಎಂಬ ಹೆಸರಿನದೇ ಹವ್ಯಾಸಿ ರೇಡಿಯೋ ಸಂಘವೊಂದಿದೆ. ಹವ್ಯಾಸಿಗಳ ಬಳಕೆಗೆಂದೇ ಇಸ್ರೋ ರೂಪಿಸಿದ 42.5 ಕಿಲೋಗ್ರಾಂ ತೂಕದ ಹ್ಯಾಮ್‌ಸ್ಯಾಟ್ 2005ರ ಮೇ 5ರಂದು ಪಿಎಸ್‌ಎಲ್‌ವಿ-ಸಿ6 ವಾಹನದಲ್ಲಿ ಕಕ್ಷೆಗೆ ಏರಿ, 2014ರವರೆಗೆ ಸೇವೆ ಸಲ್ಲಿಸಿತು. ಅದರ ಟ್ರಾನ್ಸ್‌ಪಾಂಡರ್, ಅಂದರೆ ಸುಮಾರು 435 ಮೆಗಾಹರ್ಟ್ಸ್‌ನಲ್ಲಿ ಬಂದ ಸಂಕೇತವನ್ನು ಸುಮಾರು 145 ಮೆಗಾಹರ್ಟ್ಸ್‌ಗೆ ಬದಲಿಸಿ ನೆಲಕ್ಕೆ ಮರಳಿಸುವ ಯಂತ್ರ, ಏಕಕಾಲದಲ್ಲಿ ಹಲವರ ಸಂವಾದಗಳನ್ನು ಹೊರಬಲ್ಲದಾಗಿತ್ತಾದರೂ ಅವೆಲ್ಲವೂ ಒಂದೇ ಅಲ್ಪ ಶಕ್ತಿಯನ್ನು ಹಂಚಿಕೊಳ್ಳಬೇಕಿತ್ತು. ನೆಲದ ಮೇಲಿನ ಒಂದು ಕೇಂದ್ರ ಅಗತ್ಯಕ್ಕಿಂತ ಹೆಚ್ಚು ವ್ಯಾಟ್ ಸುರಿದರೆ ಉಪಗ್ರಹದ ಶಕ್ತಿಯಲ್ಲಿ ಹೆಚ್ಚಿನ ಪಾಲನ್ನು ಅದೇ ಕಬಳಿಸಿ, ಉಳಿದವರ ದನಿಗಳು ಒಟ್ಟಿಗೆ ಕುಗ್ಗುತ್ತವೆ. ಆದ್ದರಿಂದ ಇಂಥ ಉಪಗ್ರಹಗಳನ್ನು ಬಳಸುವ ಹ್ಯಾಮ್‌ಗಳು ಮರಳಿ ಬರುವ ತಮ್ಮದೇ ದನಿಯನ್ನು ಆಲಿಸುತ್ತ, ಅದು ಕೇಳುವಷ್ಟಕ್ಕೆ ಮಾತ್ರ ಶಕ್ತಿಯನ್ನು ಇಳಿಸಿಕೊಂಡು ಮಾತನಾಡುತ್ತಾರೆ.