ಸಹಿ ಹಾಕುವ ಮೊದಲು ಕೆಲವು ಇಂಗ್ಲಿಷ್ ಪದಗಳು



ನಮ್ಮ ಎಣ್ಮಕಜೆಯಲ್ಲಿ ಒಂದೇ ಭಾಷೆ ಬಲ್ಲವರು ಅಪರೂಪ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮರಾಟಿಯೋ, ಪೆರ್ಲ ಪೇಟೆಯಲ್ಲಿ ಎಲ್ಲವೂ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಕಚೇರಿಗೆ ಮಲಯಾಳವೂ ಬೇಕಾಯಿತು. ಇಷ್ಟೆಲ್ಲ ಬಲ್ಲ ನಾವು ಇಂಗ್ಲಿಷ್ ಎಂದರೆ ಮಾತ್ರ ಹಿಂಜರಿಯುತ್ತೇವೆ. ಆದರೆ ಬಸ್ಸು, ಲೋನು, ಚೆಕ್ಕು ಎನ್ನಲು ಯಾರಿಗೂ ಅಂಜಿಕೆಯಿಲ್ಲ. ಹಿರಿಯರು ಹೇಳುವ 'ಉಯಿಲು' ಸಹ ಇಂಗ್ಲಿಷಿನ 'ವಿಲ್' ಎಂಬ ಪದವೇ.

ಇಂಗ್ಲಿಷ್ ಕಲಿಯುವುದನ್ನು ಎಲ್ಲಿಂದ ಆರಂಭಿಸಬೇಕು? ನಾವು ಸಹಿ ಹಾಕುವ ಕಾಗದದಿಂದ ಎಂಬುದು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದ ನನ್ನ ಅಭಿಪ್ರಾಯ. ಮಲಯಾಳದಲ್ಲಿ 'ಒಪ್ಪ್' ಎಂದರೆ ಸಹಿ, ಕನ್ನಡದಲ್ಲಿ 'ಒಪ್ಪು' ಎಂದರೆ ಸಮ್ಮತಿ. ಬ್ಯಾಂಕಿನ ಕಾಗದದ ಮಟ್ಟಿಗೆ ಇವೆರಡೂ ಒಂದೇ. ಸಹಿ ಹಾಕಿದಿರಿ ಎಂದರೆ ಒಪ್ಪಿದಿರಿ ಎಂದೇ ಲೆಕ್ಕ.

ಮೊದಲು 'ವಿಟ್ನೆಸ್' ಮತ್ತು 'ಗ್ಯಾರಂಟರ್'. ವಿಟ್ನೆಸ್ ಎಂದರೆ ಸಾಕ್ಷಿ. ಇನ್ನೊಬ್ಬರು ಸಹಿ ಹಾಕಿದ್ದನ್ನು ಕಂಡಿದ್ದೇನೆ ಎನ್ನುವವರು, ಅಷ್ಟೆ. ಗ್ಯಾರಂಟರ್ ಎಂದರೆ ಜಾಮೀನುದಾರರು. 1872ರ ಕರಾರು ಕಾಯ್ದೆಯ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲವಾದರೆ, ಸಾಲಗಾರನಿಗೆ ಎಷ್ಟು ಹೊಣೆಯೋ ಜಾಮೀನುದಾರನಿಗೂ ಅಷ್ಟೇ ಹೊಣೆ. ನೆರೆಮನೆಯವರು "ಒಂದು ಸಹಿ ಹಾಕಿ ಅಣ್ಣ" ಎಂದಾಗ, ಆ ಗೆರೆಯ ಕೆಳಗೆ ಈ ಎರಡರಲ್ಲಿ ಯಾವ ಪದ ಇದೆ ಎಂದು ನೋಡಿ. ಒಂದು ತೋಟದ ಅಡಿಕೆಯಷ್ಟು ವ್ಯತ್ಯಾಸ ಅಲ್ಲಿದೆ.

ಇನ್ನೊಂದು ಪದ 'ನಾಮಿನಿ'. ಠೇವಣಿದಾರರು ತೀರಿಕೊಂಡರೆ ಬ್ಯಾಂಕಿನಿಂದ ಹಣ ಪಡೆಯಲು ಹೆಸರಿಸಲ್ಪಟ್ಟವರು ಇವರು. ಹಣ ಪಡೆದ ಮಾತ್ರಕ್ಕೆ ಅವರೇ ಒಡೆಯರಾಗುವುದಿಲ್ಲ, ವಾರಸುದಾರರ ಹಕ್ಕು ಉಳಿದೇ ಇರುತ್ತದೆ. ಜಂಟಿ ಖಾತೆಯಲ್ಲಿ 'ಐದರ್ ಆರ್ ಸರ್ವೈವರ್' ಎಂದಿದ್ದರೆ ಇಬ್ಬರಲ್ಲಿ ಯಾರೊಬ್ಬರೂ ವ್ಯವಹಾರ ಮಾಡಬಹುದು, ಒಬ್ಬರು ಇಲ್ಲವಾದರೆ ಉಳಿದವರು ಮಾಡಬಹುದು. 'ಜಾಯಿಂಟ್ಲಿ' ಎಂದಿದ್ದರೆ ಇಬ್ಬರ ಸಹಿಯೂ ಬೇಕು.

ಈಗ ಮೊಬೈಲಿಗೆ ಬರುವ ಸಂದೇಶಗಳು. 'ಕ್ರೆಡಿಟೆಡ್' ಎಂದರೆ ಖಾತೆಗೆ ಹಣ ಬಂತು, 'ಡೆಬಿಟೆಡ್' ಎಂದರೆ ಹೋಯಿತು. 'ಓಟಿಪಿ' ಜತೆಗೆ 'ಡು ನಾಟ್ ಶೇರ್' ಎಂದಿರುತ್ತದೆ. ಯಾರಿಗೂ ಹೇಳಬೇಡಿ ಎಂದು ಅರ್ಥ. ಬ್ಯಾಂಕಿನವರೆಂದು ಫೋನಿನಲ್ಲಿ ಕೇಳಿದರೂ ಹೇಳಬಾರದು.

ಮಾತನಾಡಲು ಮೂರು ವಾಕ್ಯ ಸಾಕು. "ವಾಟ್ ಡಸ್ ದಿಸ್ ವರ್ಡ್ ಮೀನ್?" ಎಂದರೆ ಈ ಪದದ ಅರ್ಥವೇನು? "ಪ್ಲೀಸ್ ಗಿವ್ ಮಿ ಎ ರಿಸೀಟ್" ಎಂದರೆ ದಯವಿಟ್ಟು ರಶೀದಿ ಕೊಡಿ. "ಐ ವಿಲ್ ರೀಡ್ ಇಟ್ ಆಂಡ್ ಸೈನ್ ಟುಮಾರೋ" ಎಂದರೆ ಓದಿ ನಾಳೆ ಸಹಿ ಹಾಕುತ್ತೇನೆ. ಮೂರನೆಯದು ಎಲ್ಲಕ್ಕಿಂತ ಉಪಯುಕ್ತ. ಅದನ್ನು ಕನ್ನಡದಲ್ಲಿ ಹೇಳಿದರೂ ನಡೆಯುತ್ತದೆ.

ಗುಂಡರ್ಟರ ಮಲಯಾಳ–ಇಂಗ್ಲಿಷ್ ನಿಘಂಟು 1872ರಲ್ಲಿ, ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ನಮ್ಮ ಹತ್ತಿರದ ಮಂಗಳೂರಿನಿಂದಲೇ ಹೊರಬಂದವು. ನಮಗೆ ಅಷ್ಟು ದೊಡ್ಡದು ಬೇಡ. ಮಕ್ಕಳ ಹಳೆಯ ನೋಟುಪುಸ್ತಕದಲ್ಲಿ ಮೂರು ಕಾಲಂ ಹಾಕಿ: ಇಂಗ್ಲಿಷ್ ಪದ, ಕನ್ನಡ ಅರ್ಥ, ಮಲಯಾಳ ಅರ್ಥ. ಮಲಯಾಳದ 'ಅಪೇಕ್ಷ' ನಮ್ಮ ಬಯಕೆಯಲ್ಲ, ಅರ್ಜಿ; ಇಂಗ್ಲಿಷಿನಲ್ಲಿ 'ಅಪ್ಲಿಕೇಶನ್'. ಹೀಗೆ ಮೂರನ್ನೂ ಒಟ್ಟಿಗೆ ಬರೆದರೆ ಗೊಂದಲವಿಲ್ಲ. ದಿನಕ್ಕೊಂದು ಪದವಾದರೆ ತಿಂಗಳಿಗೆ ಮೂವತ್ತು. ಪಾಸ್‌ಬುಕ್ಕಿನಿಂದಲೇ ಇಂದು ಪ್ರಾರಂಭಿಸಿ.