ಮನೆಯಲ್ಲಿ ಹಂಚಿಕೊಂಡ ಮುದ್ರಕದಲ್ಲಿ ವಿಂಡೋಸೇತರ ಸಾಧನಗಳಿಂದ ಪ್ರಮಾಣಪತ್ರ ಮುದ್ರಿಸಿಕೊಳ್ಳುವ ವಿಧಾನ
(ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳ ಅರ್ಜಿದಾರರ ಮಾಹಿತಿಗಾಗಿ)

1. ಪೀಠಿಕೆ

ಜಾತಿ ಮತ್ತು ಆದಾಯ ಪ್ರಮಾಣಪತ್ರ, ವಾಸಸ್ಥಳ ದೃಢೀಕರಣ, ಪಹಣಿ ಮೊದಲಾದ ದಾಖಲೆಗಳನ್ನು ಸಾರ್ವಜನಿಕರು ಈಗ ಅಂತರ್ಜಾಲದ ಮೂಲಕವೇ ಪಡೆಯಬಹುದಾಗಿದೆ. ಬೀದರ ಜಿಲ್ಲೆಯು ಸಂವಿಧಾನದ 371ಜೆ ವಿಧಿಯ ವ್ಯಾಪ್ತಿಗೆ ಒಳಪಟ್ಟಿರುವುದರಿಂದ, ಇಲ್ಲಿನ ವಿದ್ಯಾರ್ಥಿಗಳು ಹಾಗೂ ಉದ್ಯೋಗಾಕಾಂಕ್ಷಿಗಳು ಮೀಸಲಾತಿಗಾಗಿ ಅರ್ಹತಾ ಪ್ರಮಾಣಪತ್ರವನ್ನೂ ಹಾಜರುಪಡಿಸಬೇಕಾಗುತ್ತದೆ. ದಾಖಲೆಯು ಕಡತರೂಪದಲ್ಲಿ ಕೈಸೇರಿದ ಮೇಲೂ, ಅದರ ಮುದ್ರಿತ ಪ್ರತಿಗಾಗಿಯೇ ಮುಡಬಿ, ರಾಜೇಶ್ವರ, ಹಳ್ಳಿಖೇಡ (ಬಿ), ದುಬಲಗುಂಡಿ ಮುಂತಾದ ಊರುಗಳಿಂದ ತಾಲ್ಲೂಕು ಕೇಂದ್ರಕ್ಕೆ ಬಂದು ಹೋಗುವ ಸಂದರ್ಭಗಳಿವೆ.

ಅನೇಕ ಮನೆಗಳಲ್ಲಿ ವಿಂಡೋಸ್ ಗಣಕಯಂತ್ರಕ್ಕೆ ಜೋಡಿಸಿದ ಒಂದು ಮುದ್ರಕ (ಪ್ರಿಂಟರ್) ಇರುತ್ತದೆ. ಆದರೆ ಪ್ರಮಾಣಪತ್ರದ ಕಡತವು ಮೊಬೈಲಿನಲ್ಲಿಯೋ, ಮಕ್ಕಳ ಲಿನಕ್ಸ್ ಅಥವಾ ಮ್ಯಾಕ್ ಲ್ಯಾಪ್‌ಟಾಪಿನಲ್ಲಿಯೋ ಇರುತ್ತದೆ. ಅವುಗಳಿಂದ ಸದರಿ ಮುದ್ರಕವನ್ನು ಬಳಸುವುದು ಹೇಗೆ, ಬಳಸಲಾಗದಿದ್ದಲ್ಲಿ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

2. ಮೊದಲು ಗಮನಿಸಬೇಕಾದ ಅಂಶ

ಡಿಜಿಟಲ್ ಸಹಿಯುಳ್ಳ ಪ್ರಮಾಣಪತ್ರದಲ್ಲಿ ಸಹಿಯು ಪಿಡಿಎಫ್ ಕಡತದೊಳಗೆ ಇರುತ್ತದೆ. ಕಾಗದದ ಮೇಲೆ ಕಾಣುವುದು ಅದರ ಚಿತ್ರ ಮಾತ್ರ. ಮೊಬೈಲಿನ ಮುದ್ರಣ ಪಟ್ಟಿಯಲ್ಲಿರುವ 'ಪಿಡಿಎಫ್ ಆಗಿ ಉಳಿಸಿ' ಎಂಬ ಆಯ್ಕೆಯನ್ನು ಇಂತಹ ಕಡತಕ್ಕೆ ಮತ್ತೊಮ್ಮೆ ಬಳಸಿದಲ್ಲಿ ಹೊಸ ಕಡತವೊಂದು ಸೃಷ್ಟಿಯಾಗಿ, ಅದರಲ್ಲಿ ಡಿಜಿಟಲ್ ಸಹಿಯು ಉಳಿಯುವುದಿಲ್ಲ. ನೋಡಲು ಎರಡೂ ಒಂದೇ ರೀತಿ ಇದ್ದರೂ ಎರಡನೆಯದು ಮೂಲವಲ್ಲ. ಆದ್ದರಿಂದ ಇಳಿಸಿಕೊಂಡ ಮೂಲ ಕಡತವನ್ನು ಬದಲಾಯಿಸದೆ ಕಾಯ್ದಿರಿಸಿಕೊಳ್ಳತಕ್ಕದ್ದು. ಮೊಬೈಲಿನ ಪರದೆಯ ಚಿತ್ರ ತೆಗೆದು ಮುದ್ರಿಸುವುದೂ ಸೂಕ್ತವಲ್ಲ.

ನಾಡಕಚೇರಿಯಿಂದ ನೀಡಲಾಗುವ ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಪ್ರತ್ಯೇಕವಾಗಿ ಬರೆದಿಟ್ಟುಕೊಳ್ಳುವುದು ಉಪಯುಕ್ತ. ವೃತ್ತಿಪರ ಕೋರ್ಸುಗಳ ಸಾಮಾನ್ಯ ಪ್ರವೇಶ ಪರೀಕ್ಷೆಯ ಅರ್ಜಿಯಲ್ಲಿ ಈ ಸಂಖ್ಯೆಯನ್ನೇ ನಮೂದಿಸಬೇಕಾಗುತ್ತದೆ.

3. ತೊಂದರೆಯ ಮೂಲ ಕಾರಣ

ಮುದ್ರಣಕ್ಕೆ ಎರಡು ಸಂಗತಿಗಳು ಅವಶ್ಯಕ. ಮೊದಲನೆಯದು ದಾರಿ: ಕಡತವು ಮುದ್ರಕದವರೆಗೆ ತಲುಪಬೇಕು. ಎರಡನೆಯದು ಭಾಷೆ: ಕಡತವು ಆ ಮುದ್ರಕಕ್ಕೆ ಅರ್ಥವಾಗುವ ರೂಪಕ್ಕೆ ಪರಿವರ್ತನೆಯಾಗಬೇಕು. ಈ ಪರಿವರ್ತನೆಯನ್ನು ಮಾಡುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತಾರೆ.

ವಿಂಡೋಸ್ ಗಣಕಯಂತ್ರವು ತನ್ನ ಮುದ್ರಕವನ್ನು ಎಸ್‌ಎಂಬಿ ಎಂಬ ವ್ಯವಸ್ಥೆಯ ಮೂಲಕ ಹಂಚುತ್ತದೆ. ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳು ಈ ದಾರಿಯನ್ನು ಬಲ್ಲವು. ಇವೆರಡರಲ್ಲಿಯೂ ಮುದ್ರಣವನ್ನು ನಿರ್ವಹಿಸುವುದು 1999ರಲ್ಲಿ ಬಿಡುಗಡೆಯಾದ ಕಪ್ಸ್ ಎಂಬ ತಂತ್ರಾಂಶ. ಆಪಲ್ ಸಂಸ್ಥೆಯು 2002ರಿಂದ ಮ್ಯಾಕ್‌ನಲ್ಲಿ ಇದನ್ನು ಅಳವಡಿಸಿಕೊಂಡಿದೆ. ಆದರೆ ದಾರಿ ದೊರೆತರೂ ಡ್ರೈವರ್ ಇಲ್ಲದಿದ್ದಲ್ಲಿ ಮುದ್ರಣವಾಗುವುದಿಲ್ಲ.

ಮೊಬೈಲಿನ ಸ್ಥಿತಿ ಬೇರೆ. ಐಫೋನಿನಲ್ಲಿ 2010ರಿಂದ ಏರ್‌ಪ್ರಿಂಟ್, ಆಂಡ್ರಾಯ್ಡ್‌ನಲ್ಲಿ 2013ರ 4.4ನೇ ಆವೃತ್ತಿಯಿಂದ ಮುದ್ರಣ ಸೌಲಭ್ಯ ಇದೆ. ಇವು ಡ್ರೈವರ್ ಇಲ್ಲದೆಯೇ, ಐಪಿಪಿ ಎಂಬ ಬೇರೊಂದು ದಾರಿಯಲ್ಲಿ, ಜಾಲದಲ್ಲಿ ತನ್ನ ಇರುವಿಕೆಯನ್ನು ತಾನೇ ಪ್ರಕಟಿಸುವ ಮುದ್ರಕವನ್ನು ಹುಡುಕುತ್ತವೆ. ವಿಂಡೋಸ್ ಹಂಚಿದ ಮುದ್ರಕವು ಹಾಗೆ ಪ್ರಕಟವಾಗುವುದಿಲ್ಲ. ಆದ್ದರಿಂದ 'ಮುದ್ರಕ ಕಂಡುಬಂದಿಲ್ಲ' ಎಂದು ಮೊಬೈಲ್ ತಿಳಿಸಿದಲ್ಲಿ ಮುದ್ರಕವು ಕೆಟ್ಟಿದೆ ಎಂದು ಭಾವಿಸಬೇಕಾಗಿಲ್ಲ.

4. ವಿಂಡೋಸ್ ಗಣಕಯಂತ್ರದಲ್ಲಿ ಮಾಡಬೇಕಾದ ಸಿದ್ಧತೆ

(ಅ) ಮುದ್ರಕದ ಗುಣಲಕ್ಷಣಗಳ ಕಿಟಕಿಯಲ್ಲಿ 'ಶೇರಿಂಗ್' ವಿಭಾಗವನ್ನು ತೆರೆದು ಹಂಚಿಕೆಗೆ ಅನುಮತಿ ನೀಡತಕ್ಕದ್ದು. ಹಂಚಿಕೆಯ ಹೆಸರು ಆಂಗ್ಲ ಅಕ್ಷರಗಳಲ್ಲಿ, ಚಿಕ್ಕದಾಗಿ, ನಡುವೆ ಖಾಲಿ ಜಾಗವಿಲ್ಲದಂತೆ ಇರಲಿ.

(ಆ) ಮನೆಯ ಜಾಲವನ್ನು 'ಪ್ರೈವೇಟ್' ಎಂದು ಗುರುತಿಸತಕ್ಕದ್ದು.

(ಇ) ಮುದ್ರಣಕ್ಕೆಂದೇ ಗುಪ್ತಪದವಿರುವ ಒಂದು ಸ್ಥಳೀಯ ಬಳಕೆದಾರ ಖಾತೆಯನ್ನು ತೆರೆಯುವುದು ಉತ್ತಮ. ಗಣಕಯಂತ್ರವನ್ನು ತೆರೆಯಲು ಬಳಸುವ ನಾಲ್ಕಂಕಿಯ ಪಿನ್ ಜಾಲದ ಮೂಲಕ ನಡೆಯುವುದಿಲ್ಲ, ಗುಪ್ತಪದವೇ ಬೇಕು.

(ಈ) ಗಣಕಯಂತ್ರದ ಜಾಲ ವಿಳಾಸ (ಉದಾಹರಣೆಗೆ 192.168.1.5) ಆಗಾಗ್ಗೆ ಬದಲಾಗದಂತೆ ರೂಟರ್‌ನಲ್ಲಿ ಕಾಯ್ದಿರಿಸತಕ್ಕದ್ದು. ಮುದ್ರಣದ ವೇಳೆ ಗಣಕಯಂತ್ರವು ನಿದ್ರಾಸ್ಥಿತಿಗೆ ಹೋಗಿರಬಾರದು.

(ಉ) ಹಳೆಯ ಸಲಹೆಗಳಲ್ಲಿ ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ಚಾಲನೆಗೊಳಿಸುವಂತೆ ಸೂಚಿಸಿರುವುದುಂಟು. ಇದನ್ನು ಅನುಸರಿಸಬಾರದು. 2017ರ ಮೇ ತಿಂಗಳಿನಲ್ಲಿ ಜಗತ್ತಿನಾದ್ಯಂತ ಗಣಕಯಂತ್ರಗಳ ಕಡತಗಳನ್ನು ಒತ್ತೆಯಾಗಿರಿಸಿಕೊಂಡ ವನ್ನಾಕ್ರೈ ಕುತಂತ್ರಾಂಶವು ಈ ಆವೃತ್ತಿಯ ದೋಷದ ಮೂಲಕವೇ ಹರಡಿತು.

5. ಲಿನಕ್ಸ್ ಯಂತ್ರದಿಂದ ಮುದ್ರಣ

ಉಬುಂಟು ಮುಂತಾದ ಲಿನಕ್ಸ್ ಆವೃತ್ತಿಗಳಲ್ಲಿ ಮುದ್ರಕಗಳ ಹೆಚ್ಚುವರಿ ಸೆಟ್ಟಿಂಗ್ಸ್ ತೆರೆದು, 'ಸಾಂಬಾ ಮೂಲಕ ವಿಂಡೋಸ್ ಮುದ್ರಕ' ಎಂಬ ಅರ್ಥದ ಆಯ್ಕೆಯನ್ನು ಆರಿಸತಕ್ಕದ್ದು. ನಂತರ ವಿಂಡೋಸ್ ಗಣಕಯಂತ್ರದ ಜಾಲ ವಿಳಾಸ, ಒಂದು ಓರೆಗೆರೆ, ಹಂಚಿಕೆಯ ಹೆಸರು ಇವುಗಳನ್ನು ಅನುಕ್ರಮವಾಗಿ ನಮೂದಿಸಿ, ಮೇಲ್ಕಂಡ ಖಾತೆಯ ಹೆಸರು ಹಾಗೂ ಗುಪ್ತಪದವನ್ನು ನೀಡತಕ್ಕದ್ದು. ಕೊನೆಯಲ್ಲಿ ಮುದ್ರಕದ ಮಾದರಿಗೆ ಸರಿಹೊಂದುವ ಡ್ರೈವರನ್ನು ಆರಿಸಬೇಕು.

ಕಡಿಮೆ ಬೆಲೆಯ ಕೆಲವು ಲೇಸರ್ ಮುದ್ರಕಗಳು ತಮ್ಮದೇ ಆದ ಭಾಷೆಯನ್ನು ಮಾತ್ರ ಅರಿಯುತ್ತವೆ. ಉದಾಹರಣೆಗೆ ಕ್ಯಾನನ್ ಎಲ್‌ಬಿಪಿ 2900 ಮಾದರಿಯು ಯುಎಸ್‌ಬಿ ಸಂಪರ್ಕದ, ಕ್ಯಾಪ್ಟ್ ಎಂಬ ಭಾಷೆಯ ಮುದ್ರಕ. ಇಂತಹವುಗಳಿಗೆ ಬೇರೊಂದು ಮಾದರಿಯ ಡ್ರೈವರನ್ನು ಆರಿಸಿದಲ್ಲಿ ಖಾಲಿ ಹಾಳೆಗಳು ಅಥವಾ ಅರ್ಥವಿಲ್ಲದ ಚಿಹ್ನೆಗಳು ಮುದ್ರಣವಾಗುವ ಸಂಭವವಿದೆ. ಸರಿಯಾದ ಡ್ರೈವರ್ ದೊರೆಯದಿದ್ದಲ್ಲಿ ಕ್ರಮಸಂಖ್ಯೆ 7ರ (ಇ) ವಿಧಾನವನ್ನು ಅನುಸರಿಸುವುದು ಸೂಕ್ತ.

6. ಮ್ಯಾಕ್ ಯಂತ್ರದಿಂದ ಮುದ್ರಣ

ಸಿಸ್ಟಂ ಸೆಟ್ಟಿಂಗ್ಸ್‌ನಲ್ಲಿ 'ಪ್ರಿಂಟರ್ಸ್ ಅಂಡ್ ಸ್ಕ್ಯಾನರ್ಸ್' ತೆರೆದು, ಮುದ್ರಕವನ್ನು ಸೇರಿಸುವ ಕಿಟಕಿಯಲ್ಲಿ 'ವಿಂಡೋಸ್' ವಿಭಾಗವನ್ನು ಆರಿಸತಕ್ಕದ್ದು. ಅಲ್ಲಿ ಗಣಕಯಂತ್ರದ ಹೆಸರನ್ನು ಒತ್ತಿ, ಖಾತೆಯ ವಿವರ ನೀಡಿದಲ್ಲಿ ಹಂಚಿದ ಮುದ್ರಕವು ಕಾಣುತ್ತದೆ. ಇಲ್ಲಿಯೂ ಡ್ರೈವರಿನ ಆಯ್ಕೆ ಅವಶ್ಯಕ.

7. ಮೊಬೈಲಿನಿಂದ ಮುದ್ರಣ

ಮೂರು ಮಾರ್ಗಗಳಿವೆ.

(ಅ) ಮುದ್ರಕಕ್ಕೇ ವೈಫೈ ಸೌಲಭ್ಯವಿದ್ದಲ್ಲಿ ಅದನ್ನು ನೇರವಾಗಿ ರೂಟರ್‌ಗೆ ಜೋಡಿಸಿ, ಮೊಬೈಲನ್ನೂ ಅದೇ ಜಾಲದಲ್ಲಿ ಇರಿಸತಕ್ಕದ್ದು. ಆಗ ವಿಂಡೋಸ್ ಹಂಚಿಕೆಯ ಅಗತ್ಯವೇ ಇರುವುದಿಲ್ಲ. ಅತಿಥಿಗಳಿಗಾಗಿ ಮೀಸಲಾದ ವೈಫೈನಲ್ಲಿ ಸಾಧನಗಳು ಪರಸ್ಪರ ಕಾಣದಂತೆ ತಡೆಯಿರುವುದು ಸಾಮಾನ್ಯವಾದ್ದರಿಂದ ಅದನ್ನು ಬಳಸಬಾರದು.

(ಆ) ಮನೆಯಲ್ಲಿ ಲಿನಕ್ಸ್ ಯಂತ್ರವಿದ್ದು, ಮುದ್ರಕಕ್ಕೆ ಲಿನಕ್ಸ್ ಡ್ರೈವರ್ ಇದ್ದಲ್ಲಿ, ಮುದ್ರಕವನ್ನು ಅದಕ್ಕೇ ಜೋಡಿಸಿ ಕಪ್ಸ್ ಮೂಲಕ ಹಂಚಬಹುದು. ಇಂತಹ ಮುದ್ರಕವು ಐಫೋನ್ ಹಾಗೂ ಆಂಡ್ರಾಯ್ಡ್ ಮೊಬೈಲುಗಳಿಗೆ ಸಾಮಾನ್ಯವಾಗಿ ತಾನಾಗಿಯೇ ಕಾಣುತ್ತದೆ.

(ಇ) ಮೇಲಿನ ಎರಡೂ ಸಾಧ್ಯವಿಲ್ಲದಿದ್ದಲ್ಲಿ ಮೂಲ ಪಿಡಿಎಫ್ ಕಡತವನ್ನೇ ವಿಂಡೋಸ್ ಗಣಕಯಂತ್ರಕ್ಕೆ ವರ್ಗಾಯಿಸಿ ಅಲ್ಲಿಂದ ಮುದ್ರಿಸತಕ್ಕದ್ದು. ಆಂಡ್ರಾಯ್ಡ್ ಮೊಬೈಲಿಗೆ ಯುಎಸ್‌ಬಿ ತಂತಿ ಸಾಕು. ಐಫೋನಿನಲ್ಲಿ 2019ರ 13ನೇ ಆವೃತ್ತಿಯಿಂದ 'ಫೈಲ್ಸ್' ಎಂಬಲ್ಲಿ 'ಕನೆಕ್ಟ್ ಟು ಸರ್ವರ್' ಮೂಲಕ ವಿಂಡೋಸ್ ಹಂಚಿದ ಕಡತಕೋಶಕ್ಕೆ ನೇರವಾಗಿ ಕಡತವನ್ನು ಸೇರಿಸಬಹುದು. ಯಾವುದೇ ಸಾಧನ, ಯಾವುದೇ ಮುದ್ರಕವಾದರೂ ಈ ಮಾರ್ಗವು ನಡೆಯುತ್ತದೆ; ಕಡೆಯ ದಿನಾಂಕ ಸಮೀಪಿಸಿದಾಗ ಇದನ್ನೇ ಮೊದಲು ಪ್ರಯತ್ನಿಸುವುದು ಲೇಸು.

ಗೂಗಲ್ ಕ್ಲೌಡ್ ಪ್ರಿಂಟ್ ಎಂಬ ಸೇವೆಯು 2020ರ ಡಿಸೆಂಬರ್ 31ರಂದು ಸ್ಥಗಿತಗೊಂಡಿರುವುದರಿಂದ ಅದನ್ನು ಕುರಿತ ಹಳೆಯ ಸೂಚನೆಗಳು ಈಗ ಅನ್ವಯಿಸುವುದಿಲ್ಲ.

8. ಕಾಗದದ ಅಳತೆ

ಲಿನಕ್ಸ್ ಮತ್ತು ಮ್ಯಾಕ್ ಯಂತ್ರಗಳಲ್ಲಿ ಕಾಗದದ ಅಳತೆಯು ಕೆಲವೊಮ್ಮೆ ಅಮೆರಿಕದ 'ಲೆಟರ್' ಎಂದಿರುತ್ತದೆ. ಎ4 ಹಾಳೆಯ ಉದ್ದ 297 ಮಿಲಿಮೀಟರ್. ಲೆಟರ್ ಹಾಳೆಯದು 279.4 ಮಿಲಿಮೀಟರ್. ಈ ಸುಮಾರು 18 ಮಿಲಿಮೀಟರ್ ವ್ಯತ್ಯಾಸದಿಂದ ಪುಟದ ಅಂಚಿನಲ್ಲಿರುವ ಸಹಿಯ ಚೌಕ ಅಥವಾ ಕ್ಯೂಆರ್ ಸಂಕೇತ ತುಂಡಾಗಬಹುದು. ಆದ್ದರಿಂದ ಎ4 ಹಾಗೂ 100 ಪ್ರತಿಶತ ಅಳತೆಯನ್ನು ಆರಿಸತಕ್ಕದ್ದು. ಶಾಯಿ ಉಳಿಸುವ ಕರಡು ಮುದ್ರಣವನ್ನು ಬಳಸದೆ, ಮುದ್ರಿಸಿದ ನಂತರ ಕ್ಯೂಆರ್ ಸಂಕೇತವನ್ನು ಮೊಬೈಲಿನಿಂದ ಓದಿ ನೋಡತಕ್ಕದ್ದು. ಸಂಕೇತವು ಮನೆಯಲ್ಲಿ ಓದಲು ಬಾರದಿದ್ದಲ್ಲಿ ಕಚೇರಿಯಲ್ಲಿಯೂ ಬಾರದು.

9. ಕನ್ನಡ ಅಕ್ಷರಗಳು

ಪಿಡಿಎಫ್ ಕಡತದೊಳಗೆ ಅಕ್ಷರವಿನ್ಯಾಸವು ಅಡಕವಾಗಿದ್ದಲ್ಲಿ ಕನ್ನಡವು ಎಲ್ಲ ಸಾಧನಗಳಲ್ಲಿಯೂ ಒಂದೇ ರೀತಿ ಮುದ್ರಣವಾಗುತ್ತದೆ. ಆದರೆ ಅರ್ಜಿದಾರರು ತಾವೇ ಸಿದ್ಧಪಡಿಸಿದ ಮನವಿ ಅಥವಾ ಘೋಷಣಾ ಪತ್ರವು ನುಡಿ, ಬರಹ ಮುಂತಾದ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಗಳಲ್ಲಿ ಇದ್ದಲ್ಲಿ, ಮೊಬೈಲ್ ಅಥವಾ ಲಿನಕ್ಸ್‌ನಲ್ಲಿ ಅದು ಆಂಗ್ಲ ಅಕ್ಷರಗಳ ಗೊಂದಲವಾಗಿ ಕಾಣುತ್ತದೆ. ಅಂತಹ ಪತ್ರವನ್ನು ಮೂಲ ಗಣಕಯಂತ್ರದಲ್ಲಿಯೇ ಪಿಡಿಎಫ್ ಆಗಿ ಪರಿವರ್ತಿಸಿ ನಂತರ ಕಳುಹಿಸತಕ್ಕದ್ದು. ಗಡಿಭಾಗದಲ್ಲಿ ಬಳಕೆಯಲ್ಲಿರುವ ಮರಾಠಿ ಮತ್ತು ಉರ್ದು ಪತ್ರಗಳಿಗೂ ಇದೇ ಕ್ರಮ ಅನ್ವಯಿಸುತ್ತದೆ.

10. ಮುನ್ನೆಚ್ಚರಿಕೆ

ಮುದ್ರಣಕ್ಕಾಗಿ ಆಧಾರ್, ಬ್ಯಾಂಕ್ ಪಾಸ್‌ಪುಸ್ತಕ, ಜಾತಿ ಪ್ರಮಾಣಪತ್ರಗಳನ್ನು ಅಪರಿಚಿತರ ಮೊಬೈಲಿಗೆ ಕಳುಹಿಸಿದಲ್ಲಿ, ಪ್ರತಿಯು ಅಲ್ಲಿಯೇ ಉಳಿದುಬಿಡುತ್ತದೆ. ಮನೆಯಲ್ಲಿ ಮುದ್ರಿಸಿಕೊಳ್ಳುವುದರ ಮುಖ್ಯ ಪ್ರಯೋಜನವೆಂದರೆ ಈ ಅಪಾಯವನ್ನು ತಪ್ಪಿಸುವುದು. ಹೊರಗೆ ಮುದ್ರಿಸುವುದು ಅನಿವಾರ್ಯವಾದಲ್ಲಿ ಕಡತವನ್ನು ಪೆನ್‌ಡ್ರೈವ್‌ನಲ್ಲಿ ಒಯ್ದು, ಮುದ್ರಣವಾದ ನಂತರ ಆ ಗಣಕಯಂತ್ರದಲ್ಲಿ ಪ್ರತಿ ಉಳಿದಿಲ್ಲವೆಂದು ಖಚಿತಪಡಿಸಿಕೊಳ್ಳತಕ್ಕದ್ದು. ಪೂರ್ಣ ಸಂಖ್ಯೆಯ ಅಗತ್ಯವಿಲ್ಲದ ಕಡೆ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮರೆಮಾಡಿದ ಆಧಾರ್ ಪ್ರತಿಯನ್ನು ಬಳಸಬಹುದು.

11. ಸಾಮಾನ್ಯವಾಗಿ ಉದ್ಭವಿಸುವ ಪ್ರಶ್ನೆಗಳು

ಪ್ರಶ್ನೆ: ಸಹಿಯ ಜಾಗದಲ್ಲಿ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಾಣುತ್ತಿದೆ. ಪ್ರಮಾಣಪತ್ರವು ನಕಲಿಯೇ?
ಉತ್ತರ: ಅಷ್ಟರಿಂದಲೇ ಹಾಗೆ ನಿರ್ಧರಿಸಲಾಗದು. ಕಡತವನ್ನು ತೆರೆದ ತಂತ್ರಾಂಶವು ಸಹಿಯನ್ನು ಇನ್ನೂ ಪರಿಶೀಲಿಸಿಲ್ಲ ಎಂಬುದನ್ನು ಆ ಚಿಹ್ನೆಯು ಸೂಚಿಸುತ್ತದೆ. ಗಣಕಯಂತ್ರದಲ್ಲಿ ಮೂಲ ಕಡತವನ್ನು ತೆರೆದು ಸಹಿಯನ್ನು ಪರಿಶೀಲಿಸಿದ ನಂತರ ಮುದ್ರಿಸಬಹುದು.

ಪ್ರಶ್ನೆ: ನಿನ್ನೆಯವರೆಗೆ ಲ್ಯಾಪ್‌ಟಾಪಿನಿಂದ ಮುದ್ರಣವಾಗುತ್ತಿತ್ತು, ಇಂದು ಆಗುತ್ತಿಲ್ಲ. ಏಕೆ?
ಉತ್ತರ: ವಿದ್ಯುತ್ ಹೋಗಿ ಬಂದ ನಂತರ ರೂಟರ್ ಹೊಸ ಜಾಲ ವಿಳಾಸ ನೀಡಿರಬಹುದು, ಅಥವಾ ಖಾತೆಯ ಗುಪ್ತಪದ ಬದಲಾಗಿರಬಹುದು. ಮೊದಲು ಇವೆರಡನ್ನು ಪರಿಶೀಲಿಸತಕ್ಕದ್ದು.

ಪ್ರಶ್ನೆ: ಮುದ್ರಣದ ಆದೇಶ ನೀಡಿದರೂ ಹಾಳೆ ಬರಲಿಲ್ಲ. ಮತ್ತೆ ಮತ್ತೆ ಒತ್ತಬಹುದೇ?
ಉತ್ತರ: ಬೇಡ. ಒತ್ತಿದಷ್ಟೂ ಆದೇಶಗಳು ಸರದಿಯಲ್ಲಿ ಸೇರಿಕೊಂಡು, ಸಂಪರ್ಕ ಮರಳಿದಾಗ ಎಲ್ಲವೂ ಒಟ್ಟಿಗೆ ಮುದ್ರಣವಾಗುತ್ತವೆ. ಸರದಿಯನ್ನು ತೆರೆದು ಹಳೆಯ ಆದೇಶಗಳನ್ನು ರದ್ದುಪಡಿಸತಕ್ಕದ್ದು.

ಅರ್ಜಿ ಸಲ್ಲಿಸುವ ಕಡೆಯ ದಿನಕ್ಕೆ ಮುಂಚಿತವಾಗಿಯೇ ಒಂದು ಪುಟವನ್ನು ಮುದ್ರಿಸಿ ಪರೀಕ್ಷಿಸಿಕೊಳ್ಳುವಂತೆಯೂ, ಮೂಲ ಕಡತವನ್ನು ಸುರಕ್ಷಿತವಾಗಿ ಕಾಯ್ದಿರಿಸುವಂತೆಯೂ ಸಾರ್ವಜನಿಕರಲ್ಲಿ ಕೋರಲಾಗಿದೆ.