ಗ್ಯಾಸ್ ಎಂದರೆ ಯಾವ ಗ್ಯಾಸ್?

ಕಲ್ಯಾಣಪುರದ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಅಡುಗೆಮನೆಯಿಂದ ‘ಗ್ಯಾಸ್ ಮುಗಿಯಿತು’ ಎಂದು ಕೇಳಿಸಿದರೆ ಅದು ಸಿಲಿಂಡರ್. ‘ನಮ್ಮ ಕಾಲದಲ್ಲಿ ಆಟಕ್ಕೆ ಗ್ಯಾಸ್‌ಲೈಟೇ ಇದ್ದದ್ದು’ ಎಂದು ಅಜ್ಜ ಹೇಳಿದರೆ ಅದು ಯಕ್ಷಗಾನದ ರಂಗಸ್ಥಳಕ್ಕೆ ಬೆಳಕು ಕೊಡುತ್ತಿದ್ದ, ಸೀಮೆಎಣ್ಣೆ ತುಂಬಿಸಿ ಪಂಪು ಹೊಡೆಯುವ ದೀಪ. ಅಮೆರಿಕದಲ್ಲಿರುವ ಮಗ ‘ಕಾರಿಗೆ ಗ್ಯಾಸ್ ಹಾಕಿಸಬೇಕು’ ಎಂದರೆ ಅದು ಪೆಟ್ರೋಲ್. ಇಲ್ಲೆಲ್ಲ ಅರ್ಥ ತಪ್ಪಿದರೂ ನಷ್ಟವಿಲ್ಲ. ಆದರೆ ರಾತ್ರಿ ಊಟದ ಬಳಿಕ ಅಪ್ಪ ಎದೆಯ ಮೇಲೆ ಕೈಯಿಟ್ಟು ‘ಸ್ವಲ್ಪ ಗ್ಯಾಸ್ ಆಗಿದೆ’ ಎಂದರೆ?

17ನೇ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ವಿಜ್ಞಾನಿ ಈ ಪದವನ್ನು ರೂಪಿಸಿದ್ದು ‘ಅವ್ಯವಸ್ಥೆ’ ಎಂಬ ಅರ್ಥದ ಗ್ರೀಕ್ ಪದದಿಂದ. ನಮ್ಮ ಮನೆಗಳಲ್ಲೂ ಅದು ಗೊಂದಲವನ್ನೇ ಉಂಟುಮಾಡುತ್ತಿದೆ!

ಹೊಟ್ಟೆಯ ಗ್ಯಾಸ್

ಊಟದೊಂದಿಗೆ ನುಂಗಿದ ಗಾಳಿ ಮತ್ತು ಕರುಳಿನ ಬ್ಯಾಕ್ಟೀರಿಯಾಗಳು ಆಹಾರವನ್ನು ಹುಳಿಸಿದಾಗ ಹುಟ್ಟುವ ಅನಿಲ, ಇವೆರಡೇ ಹೊಟ್ಟೆಯ ಗ್ಯಾಸ್. ಅಲಸಂದೆ, ಕಡಲೆ, ಹಲಸಿನ ಬೀಜ ತಿಂದಾಗ ಇದು ಹೆಚ್ಚು. ಹೊಟ್ಟೆ ಉಬ್ಬರಿಸಬಹುದು, ತೇಗು ಬರಬಹುದು. ಆದರೆ ಈ ಗ್ಯಾಸ್ ಕರುಳನ್ನು ಬಿಟ್ಟು ಬೆನ್ನಿಗೆ, ಭುಜಕ್ಕೆ, ತಲೆಗೆ ಸಂಚರಿಸುವುದಿಲ್ಲ. ‘ಬೆನ್ನಿಗೆ ಗ್ಯಾಸ್ ಹಿಡಿದಿದೆ’ ಎನ್ನುವುದು ರೂಢಿಯ ಮಾತಷ್ಟೆ. ‘ಗ್ಯಾಸ್ಟ್ರಿಕ್’ ಎಂಬುದೂ ರೋಗದ ಹೆಸರಲ್ಲ, ‘ಜಠರಕ್ಕೆ ಸಂಬಂಧಿಸಿದ’ ಎಂದಷ್ಟೇ ಅದರ ಅರ್ಥ.

ಮೋಸ ಹೋಗುವುದೇಕೆ?

ಹೃದಯ, ಅನ್ನನಾಳ, ಜಠರಗಳ ನೋವನ್ನು ಒಯ್ಯುವ ನರಗಳು ಬೆನ್ನುಹುರಿಯಲ್ಲಿ ಹೆಚ್ಚುಕಡಿಮೆ ಒಂದೇ ಜಾಗವನ್ನು ಸೇರುತ್ತವೆ. ನೋವಿನ ಮೂಲ ಯಾವುದೆಂದು ಮೆದುಳಿಗೆ ಖಚಿತವಾಗುವುದಿಲ್ಲ. ಹೃದಯದ ಕೆಳಭಾಗವು ವಪೆಯ ಮೇಲೆ ಕುಳಿತಿರುವುದರಿಂದ ಅಲ್ಲಿ ಆಘಾತವಾದಾಗ ಮೇಲುಹೊಟ್ಟೆ ನೋವು, ವಾಕರಿಕೆ, ವಾಂತಿ ಕಾಣಿಸಿಕೊಳ್ಳಬಹುದು. ತೇಗು ಬಂದು ಹಾಯೆನಿಸಿತೆಂದು ಹೃದಯ ಕ್ಷೇಮವೆನ್ನುವಂತಿಲ್ಲ. ಮಧುಮೇಹಿಗಳು, ವೃದ್ಧರು ಹಾಗೂ ಸ್ತ್ರೀಯರಲ್ಲಿ ತೀವ್ರ ಎದೆನೋವು ಇಲ್ಲದೆಯೂ ಹೃದಯಾಘಾತವಾಗಬಹುದು.

ಹೀಗಿದ್ದರೆ ಎಚ್ಚರ

ಎದೆಯಲ್ಲಿ ಬಿಗಿತ ಅಥವಾ ಭಾರ, ತಣ್ಣನೆಯ ಬೆವರು, ಏದುಸಿರು, ತಲೆಸುತ್ತು, ದವಡೆಗೋ ಎಡತೋಳಿಗೋ ಹರಡುವ ನೋವು, ನಡೆದಾಗ ಹೆಚ್ಚಾಗಿ ಕುಳಿತಾಗ ಕಡಿಮೆಯಾಗುವ ಸಂಕಟ. ಇವುಗಳಲ್ಲಿ ಒಂದಿದ್ದರೂ ಓಮದ ಕಷಾಯ, ಸೋಡಾ, ಗ್ಯಾಸಿನ ಮಾತ್ರೆ ಎಂದು ಕಾಯಬೇಡಿ. ಅಂಗಳದಲ್ಲಿ ನಾಲ್ಕು ಸುತ್ತು ನಡೆಸಬೇಡಿ. ರೋಗಿಯನ್ನು ಕುಳ್ಳಿರಿಸಿ, 108ಕ್ಕೆ ಕರೆ ಮಾಡಿ. ಆತನೇ ಸ್ಕೂಟರ್ ಓಡಿಸಿಕೊಂಡು ಹೋಗುವುದಂತೂ ಬೇಡ.

ಇ.ಸಿ.ಜಿ. ತೆಗೆಯಲು ಕೆಲವೇ ನಿಮಿಷ ಸಾಕು. ಮೊದಲನೆಯದು ಸರಿಯಿದ್ದರೂ ವೈದ್ಯರು ಮತ್ತೊಮ್ಮೆ ತೆಗೆಯಬಹುದು, ರಕ್ತಪರೀಕ್ಷೆ ಮಾಡಿಸಬಹುದು. ಬೇಸರಿಸಬೇಡಿ. ರಕ್ತನಾಳ ಪೂರ್ತಿ ಕಟ್ಟಿಕೊಂಡರೆ ಅರ್ಧ ಗಂಟೆಯೊಳಗೆ ಹೃದಯದ ಸ್ನಾಯು ಸಾಯತೊಡಗುತ್ತದೆ. ಹಳ್ಳಿಗಳಲ್ಲಿ ಈ ವಿಳಂಬವನ್ನು ತಪ್ಪಿಸಲೆಂದೇ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು 2018ರಲ್ಲಿ ಗ್ರಾಮೀಣ ವೈದ್ಯರಿಗೆ ಇ.ಸಿ.ಜಿ. ಯಂತ್ರ ಒದಗಿಸುವ ಯೋಜನೆ ಆರಂಭಿಸಿದರು. ಯಂತ್ರ ಹಳ್ಳಿಗೆ ಬಂದರೂ ರೋಗಿ ಮನೆಯಲ್ಲೇ ಉಳಿದರೆ ಏನು ಪ್ರಯೋಜನ?

ಕಲ್ಯಾಣಪುರದಿಂದ ಮಣಿಪಾಲಕ್ಕೆ ಹತ್ತು ಕಿಲೋಮೀಟರೂ ಇಲ್ಲ. ‘ಬೆಳಿಗ್ಗೆ ನೋಡೋಣ’ ಎಂಬ ಮಾತೇ ಆ ದಾರಿಯನ್ನು ದೂರ ಮಾಡುವುದು. ಪರೀಕ್ಷೆಯ ಬಳಿಕ ‘ಬರೇ ಗ್ಯಾಸ್’ ಎಂದು ವೈದ್ಯರು ಹೇಳಿದರೆ ನಾಚಿಕೆಪಡಬೇಕಿಲ್ಲ. ನೆಮ್ಮದಿಯಿಂದ ಮನೆಗೆ ಬನ್ನಿ. ಆದರೆ ಆ ಮಾತನ್ನು ವೈದ್ಯರೇ ಹೇಳಲಿ, ನೀವು ಹೇಳಿಕೊಳ್ಳಬೇಡಿ.